ಸುಳ್ಳು ಸೀನು

ನಾನು ಚಿಕ್ಕವನಿದ್ದಾಗ ಎಂದು ಶುರು ಮಾಡಿದರೆ ನೀವಿಬ್ಬರೂ ನಗುತ್ತೀರಿ, ಗೊತ್ತು. ನನ್ನ ತಲೆಯಲ್ಲಿ ಇನ್ನೂ ಕರಿಕೂದಲೇ ಹೆಚ್ಚು. ಆದರೆ ಅಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು, ನೀವು ಅವಳ ಮಗಳ ಮಕ್ಕಳು. ಹಾಗಾಗಿ ನಲವತ್ತಕ್ಕೇ ನಿಮಗೆ ಸಣ್ಣಜ್ಜನಾಗಿ ಕೂತಿದ್ದೇನೆ. ಈ ಪತ್ರದಲ್ಲಿ ಹೇಳಹೊರಟಿದ್ದು ನಾನು ಒಂಬತ್ತನೇ ತರಗತಿಯಲ್ಲಿದ್ದಾಗಿನ ಮಾತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಿಮ್ಮಮ್ಮ ಎರಡು ಜಡೆ ಹಾಕಿಕೊಂಡು ನಾಲ್ಕನೇ ತರಗತಿಗೆ ಹೋಗುತ್ತಿದ್ದಳು.

ನಮ್ಮ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇತ್ತು. ಅಪ್ಪ ಆ ಮಾರುಕಟ್ಟೆಯಲ್ಲಿ ಹಮಾಲ. ಬೆಳಿಗ್ಗೆ ಹೆಗಲಿಗೆ ಟವೆಲ್ಲು ಹಾಕಿಕೊಂಡು, ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಹೊರಟರೆ ಸಂಜೆಯವರೆಗೂ ಚೀಲ ಹೊರುತ್ತಿದ್ದ. ಸಂಕ್ರಾಂತಿ ಕಳೆಯಿತೆಂದರೆ ಇಡೀ ಊರಿಗೆ ಒಂದೇ ವಾಸನೆ. ಬಿಸಿಲಿಗೆ ಕಾದ ಮೆಣಸಿನಕಾಯಿಗೆ ಮೊದಲು ಒಂದು ಸಿಹಿ ವಾಸನೆ ಇರುತ್ತದೆ, ಅದರ ಬೆನ್ನಿಗೇ ಮೂಗು ಸುಡುವ ಘಾಟು. ಹೊರಗಿನವರು ಬಸ್ಸಿಳಿದ ಕೂಡಲೇ ಸೀನುತ್ತಿದ್ದರು. ನಮಗೆ ಹುಟ್ಟಿದಾಗಿನಿಂದ ರೂಢಿ, ಅಷ್ಟಾಗಿ ತಗಲುತ್ತಿರಲಿಲ್ಲ. ನಮ್ಮ ಅಂಗಿ, ಹಾಸಿಗೆ, ಪುಸ್ತಕದ ಹಾಳೆ ಎಲ್ಲದರಲ್ಲೂ ಆ ವಾಸನೆ ಕೂತಿರುತ್ತಿತ್ತು. ಅದು ಇದೆ ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ನನಗೆ ಅದು ಗೊತ್ತಾದದ್ದು ಹಾವೇರಿಗೆ ಓದಲು ಹೋದ ಮೇಲೆ. ಅಕ್ಕನ ಮನೆಯಲ್ಲಿದ್ದುಕೊಂಡು ಅಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಶನಿವಾರ ಮಧ್ಯಾಹ್ನ ಬ್ಯಾಡಗಿಗೆ ಬಂದರೆ ಸೋಮವಾರ ಬೆಳಗಿನ ರೈಲಿಗೆ ವಾಪಸು. ಸ್ಟೇಷನ್ನಿನಿಂದ ಓಡುತ್ತ ಅಕ್ಕನ ಮನೆ ಮುಟ್ಟಿದರೆ ಅವಳು ನನ್ನ ಕಾಲರನ್ನು ಒಮ್ಮೆ ಮೂಸಿ ನೋಡುತ್ತಿದ್ದಳು. ಆಮೇಲೆ ಕುತ್ತಿಗೆಗೂ ಅಂಗಿಗೂ ಧಾರಾಳವಾಗಿ ಪೌಡರ್ ಉದುರಿಸಿ, ಈಗ ಹೋಗು ಅನ್ನುತ್ತಿದ್ದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನ್ನ ಮೇಲಿನ ಅಕ್ಕರೆ ಅಷ್ಟೇ. ಆದರೆ ಮುಚ್ಚಿಕೊಳ್ಳಬೇಕಾದದ್ದು ಏನೋ ನನ್ನ ಮೈಮೇಲಿದೆ ಎಂದು ನಾನು ಕಲಿತದ್ದು ಆ ಪೌಡರಿನಿಂದ. ಶಾಲೆಯಲ್ಲಿ ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ ಅಕ್ಕನ ಓಣಿಯ ಹೆಸರು ಹೇಳುತ್ತಿದ್ದೆ. ಭಾವ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ ಎನ್ನುತ್ತಿದ್ದೆ. ಅಪ್ಪನ ಸುದ್ದಿಯನ್ನು ನಾನಾಗಿ ತೆಗೆಯುತ್ತಿರಲಿಲ್ಲ.

ನಮ್ಮ ತರಗತಿಗೆ ಬ್ಯಾಡಗಿಯಿಂದ ದಿನವೂ ರೈಲಿನಲ್ಲಿ ಬರುವ ಇನ್ನೊಬ್ಬ ಹುಡುಗನಿದ್ದ. ಹೆಸರು ಬೇಡ, ರೈಲಿನ ಹುಡುಗ ಎನ್ನೋಣ. ಸಣಕಲು ಮೈ, ದೊಡ್ಡ ಕಿವಿ, ಲೆಕ್ಕದಲ್ಲಿ ಬಹಳ ಚುರುಕು. ಅವನ ಅವ್ವ ಮಾರುಕಟ್ಟೆಯ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನಿಗೆ ಬುತ್ತಿ ಒಯ್ಯುವಾಗ ಎಷ್ಟೋ ಸಲ ನಾನು ಅವನನ್ನು ಅಲ್ಲಿ ನೋಡಿದ್ದೆ, ಅವನೂ ನನ್ನನ್ನು ನೋಡಿದ್ದ. ಶಾಲೆಯಲ್ಲಿ ಮಾತ್ರ ನಾನು ಅವನ ಪರಿಚಯವೇ ಇಲ್ಲದವನಂತೆ ಇರುತ್ತಿದ್ದೆ. ಸೋಮವಾರದ ರೈಲಿನಲ್ಲಿ ಅವನು ಹತ್ತಿದ ಡಬ್ಬಿ ಬಿಟ್ಟು ಬೇರೆ ಡಬ್ಬಿ ಹತ್ತುತ್ತಿದ್ದೆ.

ಒಂದು ಸೋಮವಾರ ರೈಲು ತಡವಾಯಿತು. ಅಕ್ಕನ ಮನೆಗೆ ಹೋಗಲು ಹೊತ್ತಿಲ್ಲದೆ ನೇರ ಶಾಲೆಗೆ ಓಡಿದೆ. ನಮ್ಮ ತರಗತಿಯಲ್ಲಿ ಒಬ್ಬ ಎತ್ತರದ ಹುಡುಗನಿದ್ದ. ಹಿಂದಿನ ವರ್ಷ ನಪಾಸಾಗಿ ನಮ್ಮ ಜೊತೆ ಕೂತವನು. ಕಡಿಮೆ ಅಂಕದವರನ್ನು ಹಿಂದೆ ಕೂರಿಸುವ ಶಾಲೆ ಅದು, ಅವನಿಗೆ ಸದಾ ಕೊನೆಯ ಸಾಲು. ಓದಿನಲ್ಲಿ ಸಿಗದ ಮರ್ಯಾದೆಯನ್ನು ಅವನು ಬೇರೆಯವರನ್ನು ನಗಿಸಿ ಸಂಪಾದಿಸುತ್ತಿದ್ದ. ಇದು ನನಗೆ ಈಗ ತಿಳಿಯುತ್ತದೆ, ಆಗ ಅವನೆಂದರೆ ಬರೀ ಹೆದರಿಕೆ. ಅವತ್ತು ಅವನು ಮೂಗು ಮೇಲೆತ್ತಿ, "ಎಲ್ಲಿಂದ ಬರಾಕತ್ತೈತಲೇ ಈ ಘಾಟು?" ಎಂದು ಸಾಲುಗಳ ನಡುವೆ ಮೂಸುತ್ತ ಬಂದ. ಇನ್ನೊಂದು ಸಾಲು ದಾಟಿದರೆ ಅವನು ನನ್ನ ಹತ್ತಿರ ಇರುತ್ತಿದ್ದ. ಅಷ್ಟರಲ್ಲಿ ರೈಲಿನ ಹುಡುಗ ಬಾಗಿಲಲ್ಲಿ ಕಾಣಿಸಿದ. ನಾನು ಅವನ ಕಡೆ ಮುಖ ಮಾಡಿ ಜೋರಾಗಿ ಸೀನಿದೆ.

ಅದು ಸುಳ್ಳು ಸೀನು. ತರಗತಿಯೆಲ್ಲ ನಕ್ಕಿತು. ಎತ್ತರದವನು ನನ್ನ ಬೆನ್ನು ಚಪ್ಪರಿಸಿ ತಾನೂ ಒಂದು ಸೀನಿದ. ಮಾರನೆಯ ದಿನ ರೈಲಿನ ಹುಡುಗ ಬಾಗಿಲಿಗೆ ಬಂದಾಗ ಒಂದು ಸಾಲು ಸೀನಿತು, ವಾರ ಕಳೆಯುವುದರಲ್ಲಿ ಇಡೀ ತರಗತಿ. ಒಮ್ಮೆ ಸಮಾಜ ವಿಜ್ಞಾನದ ಸರ್ ಒಳಗೆ ಬರುವಾಗಲೂ ಸೀನು ನಡೆದೇ ಇತ್ತು. ಸರ್ ಗದರಿಸುತ್ತಾರೆಂದು ನಾವು ಸುಮ್ಮನಾದೆವು. ಅವರು ನಕ್ಕು, "ಒಂದೆರಡು ಕಿಟಕಿ ತಗೀರೋ" ಎಂದರು. ಅದು ಅವರಿಗೆ ಒಂದು ತಮಾಷೆ ಅಷ್ಟೇ. ನಮಗೆ ಅದು ಅಪ್ಪಣೆ ಸಿಕ್ಕಂತಾಯಿತು. ಅಲ್ಲಿಂದ ನಾಲ್ಕು ತಿಂಗಳು ಅವನು ಒಂದೇ ಒಂದು ದಿನವೂ ಸೀನಿಲ್ಲದೆ ಒಳಗೆ ಬರಲಿಲ್ಲ. ಅವನ ಪಕ್ಕದಲ್ಲಿ ಕೂರುತ್ತಿದ್ದವನು ಜಾಗ ಬದಲಿಸಿಕೊಂಡ. ಇಬ್ಬರು ಕೂರುವ ಬೆಂಚಿನಲ್ಲಿ ಅವನೊಬ್ಬನೇ ಉಳಿದ. ನನ್ನನ್ನು ಮಾತ್ರ ಯಾರೂ ಮೂಸಲಿಲ್ಲ.

ಫೆಬ್ರವರಿಯಲ್ಲಿ ಅದೇ ಸರ್ ನಮ್ಮನ್ನು ಬ್ಯಾಡಗಿ ಮಾರುಕಟ್ಟೆ ನೋಡಲು ಕರೆದೊಯ್ಯುವುದಾಗಿ ಹೇಳಿದರು. ಹಿಂದಿನ ಸಂಜೆ ನಾನು ಅಕ್ಕನಿಗೆ ಹೊಟ್ಟೆ ನೋವೆಂದೆ. ಅವಳು ಓಂಕಾಳು ಕುದಿಸಿದ ನೀರು ಕುಡಿಸಿದಳು, ಬೆಳಿಗ್ಗೆ ಎಬ್ಬಿಸಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಅಪ್ಪ ಭೇಟಿಯಾದರೆ ಕೊಡು ಎಂದು ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ನಾನು ಆ ಗಂಟನ್ನು ಚೀಲದ ತಳಕ್ಕೆ ತುರುಕಿದೆ.

ರೈಲಿನಲ್ಲಿ ಅರ್ಧ ತಾಸಿನ ದಾರಿಯೂ ಅಲ್ಲ. ಟೆಂಡರಿನ ದಿನವಾದ್ದರಿಂದ ಮಾರುಕಟ್ಟೆ ತುಂಬಿ ತುಳುಕುತ್ತಿತ್ತು. ಎಲ್ಲಿ ನೋಡಿದರೂ ಚೀಲ, ಚೀಲದ ಬಾಯಿ ಬಿಚ್ಚಿ ಸುರಿದ ಕೆಂಪು ರಾಶಿ. ಖರೀದಿದಾರರು ರಾಶಿಗೆ ಕೈ ಹಾಕಿ, ಒಂದು ಸುಕ್ಕುಗಟ್ಟಿದ ಕಾಯಿ ಮುರಿದು, ಅಂಗೈಗೆ ಉಜ್ಜಿ ಬಣ್ಣ ನೋಡಿ, ತಾವು ಕೊಡುವ ಬೆಲೆಯ ಚೀಟಿ ಬರೆದು ಡಬ್ಬಿಗೆ ಹಾಕುತ್ತಿದ್ದರು. ಸರ್ ಅದನ್ನೆಲ್ಲ ವಿವರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದಲ್ಲೇ ಯಾರೋ ಒಂದು ಚೀಲ ಕೊಡವಿದರು. ಕಣ್ಣಿಗೆ ಕಾಣದ ಘಾಟು ಒಂದು ಸಲಕ್ಕೆ ಮೇಲೆದ್ದಿತು.

ಮೊದಲು ಸೀನಿದವರು ಸರ್. ಆಮೇಲೆ ಒಬ್ಬೊಬ್ಬರೇ ಹತ್ತಿಕೊಂಡರು. ತರಗತಿಯಲ್ಲಿ ಹಾಡಿನಂತೆ ಒಟ್ಟಿಗೆ ಸೀನುತ್ತಿದ್ದ ನಲವತ್ತು ಹುಡುಗರು ಇಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಸೀನುತ್ತಿದ್ದರು, ಕೆಮ್ಮುತ್ತಿದ್ದರು, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸುಮ್ಮನೆ ನಿಂತವರು ಇಬ್ಬರೇ, ರೈಲಿನ ಹುಡುಗ ಮತ್ತು ನಾನು.

ಎತ್ತರದವನು ಮೂಗು ಸೋರಿಸಿಕೊಂಡೇ ರೈಲಿನ ಹುಡುಗನ ಕಡೆ ಬೆರಳು ತೋರಿಸಿದ. "ಇವಗ ಏನೂ ಆಗವಲ್ದು ನೋಡ್ರಲೇ. ಮೆಣಸಿನಕಾಯಿಗೆ ಮೆಣಸಿನಕಾಯಿ ಘಾಟ ಹೆಂಗ ಹತ್ತತೈತಿ." ಅಂಥ ಸ್ಥಿತಿಯಲ್ಲೂ ನಾಲ್ಕು ಮಂದಿ ನಕ್ಕರು. ಅವನ ಕೆಂಪು ಕಣ್ಣು ಗುಂಪಿನ ಮೇಲೆ ತಿರುಗುತ್ತ ನನ್ನ ಕಡೆಗೆ ಬರುತ್ತಿತ್ತು. ಇನ್ನೊಂದು ಗಳಿಗೆ ತಡೆದಿದ್ದರೆ ನನ್ನ ಒಣಗಿದ ಕಣ್ಣು ಅವನಿಗೆ ಕಾಣುತ್ತಿತ್ತು. ನಾನು ಮುಖ ಮುಚ್ಚಿಕೊಂಡು ಸೀನಿದೆ. ಒಂದಲ್ಲ, ಮೂರು ಸಲ.

ಕೈ ತೆಗೆದಾಗ ಹತ್ತು ಹೆಜ್ಜೆ ಆಚೆ ಅಪ್ಪ ಬೆನ್ನ ಮೇಲೆ ಚೀಲ ಹೊತ್ತು ನಿಂತಿದ್ದ. ನನ್ನನ್ನೇ ನೋಡುತ್ತಿದ್ದ.

ಹುಟ್ಟಿದಾಗಿನಿಂದ ನನ್ನನ್ನು ಬಲ್ಲವನಿಗೆ ಆ ಸೀನು ಎಂಥದೆಂದು ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಚೀಲ ಇಳಿಸಿ, ಟವೆಲ್ಲಿನಿಂದ ಕೈ ಒರೆಸಿಕೊಂಡು ಅಲ್ಲೇ ಇದ್ದ ಅಂಗಡಿಯೊಳಗೆ ಹೋದ. ಘಾಟು ಹತ್ತಿದ ಹೊರಗಿನವರಿಗೆಂದು ಅಂಗಡಿಗಳಲ್ಲಿ ಬೆಲ್ಲ ಇಟ್ಟಿರುತ್ತಿದ್ದರು. ಅದನ್ನೊಂದು ತಟ್ಟೆಯಲ್ಲಿ ಹಿಡಿದು ಬಂದು, ಬಾಯಲ್ಲಿಟ್ಟು ಚೀಪಿರಿ, ಗಂಟಲು ತಂಪಾಗುತ್ತದೆ ಎನ್ನುತ್ತ ಒಬ್ಬೊಬ್ಬರಿಗೂ ಒಂದೊಂದು ಚೂರು ಕೊಡುತ್ತ ಬಂದ. ರೈಲಿನ ಹುಡುಗನ ತಲೆ ಸವರಿ, "ನಿನಗ್ಯಾಕೋ ಬೆಲ್ಲ, ನಮ್ಮ ಊರಾಂವ ನೀನು" ಎಂದು ಮುಂದೆ ಸರಿದ. ನನ್ನ ಮುಂದೆ ಬಂದು ನಿಂತ. ಅವನ ಬೆವರಿನ ವಾಸನೆ ನನ್ನ ಮೂಗಿಗೆ ಬಂತು. ಉಳಿದವರಿಗಿಂತ ಸ್ವಲ್ಪ ದೊಡ್ಡ ಚೂರನ್ನೇ ಆರಿಸಿ ನನ್ನ ಅಂಗೈಗೆ ಹಾಕಿದ.

"ತಗೊಳ್ರಿ. ಹೊಸಬರಿಗೆ ಮೊದಲ ಹಿಂಗ ಆಗತೈತಿ."

ಅಷ್ಟೇ ಹೇಳಿ ನನ್ನ ಪಕ್ಕದವನ ಕಡೆಗೆ ಹೋದ. ಮುಖದಲ್ಲಿ ಸಿಟ್ಟಿರಲಿಲ್ಲ. ಮಗನಿಗೆ ಗೆಳೆಯರ ಮುಂದೆ ನಾಚಿಕೆಯಾಗಬಾರದೆಂದು ತಾನೇ ದೂರದವನಾಗಿ ನಿಂತಿದ್ದ. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡೆ, ಅದು ಕರಗಿ ಬೆರಳಿಗೆಲ್ಲ ಅಂಟಿತು. ರೈಲಿನ ಹುಡುಗ ಇದನ್ನೆಲ್ಲ ನೋಡುತ್ತಿದ್ದ. ನಿಧಾನಕ್ಕೆ ಗುಂಪಿನಿಂದ ಹಿಂದೆ ಸರಿದು, ಹೆಣ್ಣುಮಕ್ಕಳು ತೊಟ್ಟು ಮುರಿಯುವ ಶೆಡ್ಡಿನ ಕಡೆಗೆ ನಡೆದುಬಿಟ್ಟ.

ವಾಪಸು ಹೋಗುವಾಗ ಸ್ಟೇಷನ್ನಿನಲ್ಲಿ ಸರ್ ತಲೆ ಎಣಿಸಿದರು. ಒಬ್ಬ ಕಡಿಮೆ. ಶೆಡ್ಡಿನ ಹತ್ತಿರ ಅವನನ್ನು ಕಂಡಿದ್ದ ಒಬ್ಬ ಹುಡುಗ, ಅವನು ಬರುವುದಿಲ್ಲವಂತೆ, ಇನ್ನು ಶಾಲೆಗೂ ಬರುವುದಿಲ್ಲವಂತೆ, ಅವ್ವನ ಜೊತೆ ಕೆಲಸಕ್ಕೆ ಕೂರುತ್ತಾನಂತೆ ಎಂದ. ಸರ್ ಕೈಗಡಿಯಾರ ನೋಡಿಕೊಂಡು, ಅವನ ಮನೆ ಇಲ್ಲೇ ಅಲ್ಲವೇ, ನಾಳೆ ನೋಡಿದರಾಯಿತು ಎಂದರು. ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಎಲ್ಲರೂ ಚೀಲ ಹೆಗಲಿಗೇರಿಸಿದರು.

ಮಕ್ಕಳೇ, ಆ ಗಳಿಗೆಯಲ್ಲಿ ನನಗೆ ಏನನ್ನಿಸಿತು ಎಂದು ಈಗ ಬಣ್ಣ ಕಟ್ಟಿ ಹೇಳಲಾರೆ. ಲೆಕ್ಕದಲ್ಲಿ ಅಷ್ಟು ಚುರುಕಾದವನು ನಾಳೆಯಿಂದ ತೊಟ್ಟು ಮುರಿಯುತ್ತ ಕೂರುತ್ತಾನೆ, ಅದಕ್ಕೆ ನಾನು ಕಾರಣ ಎಂಬುದು ಮಾತ್ರ ಸ್ಪಷ್ಟವಾಗಿತ್ತು. ರೈಲು ಹತ್ತಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಸರ್ ಹತ್ತಿರ ಹೋದೆ.

"ಸರ್, ನಾನೂ ಬರಂಗಿಲ್ರಿ. ನಮ್ಮ ಮನೀನೂ ಇದ ಊರಾಗ ಐತ್ರಿ. ಬೆಲ್ಲ ಕೊಟ್ರಲ್ರಿ, ಅವರು ನಮ್ಮಪ್ಪ. ನನಗ ಘಾಟ ಹತ್ತಂಗಿಲ್ರಿ. ಸಾಲ್ಯಾಗ ಮೊದಲ ಸೀನಿದಾಂವ ನಾನ ರೀ."

ಹುಡುಗರು ನನ್ನ ಕಡೆ ತಿರುಗಿದರು. ಎತ್ತರದವನು ಹತ್ತಿರ ಬಂದು ನನ್ನ ಕಣ್ಣು ನೋಡಿದ. ಸರ್ ಮೂಗಿಗೆ ಹಿಡಿದಿದ್ದ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಇಲ್ಲೇ ಉಳಿದಿದ್ದೇನೆಂದು ಅಕ್ಕನ ಮನೆಗೆ ತಿಳಿಸುವುದಾಗಿ ಹೇಳಿದರು. ರೈಲು ಬಂದು ನಿಂತ ಮೇಲೆ, ಬಾಗಿಲ ಹಿಡಿಕೆ ಹಿಡಿದುಕೊಂಡು ತಿರುಗಿ, "ಕಿಟಕಿ ತಗೀರಿ ಅಂದಾಂವ ನಾನು. ಅದನ್ನೂ ಅವಗ ಹೇಳು" ಎಂದರು.

ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಕೈ ಉರಿಯಬಾರದೆಂದು ಎಲ್ಲರ ಬೆರಳಿಗೂ ಎಣ್ಣೆ. ರೈಲಿನ ಹುಡುಗ ಅವ್ವನ ಪಕ್ಕದಲ್ಲಿ ತೊಟ್ಟು ಮುರಿಯುತ್ತಿದ್ದ. ನನ್ನನ್ನು ಕಂಡೂ ತಲೆ ಎತ್ತಲಿಲ್ಲ. ಅವನ ಅವ್ವನೇ ಮಾತಾಡಿದಳು. "ಬಾರಪಾ. ನೀನಾರ ಕೇಳ ಇವನ್ನ. ಸಾಲಿ ಬ್ಯಾಡ ಅಂತಾನ. ಯಾಕಂದ್ರ ಬಾಯಿ ಬಿಡವಲ್ಲ."

"ನನ್ನ ಸಲುವಾಗಿ ರೀ, ಅತ್ತಿ" ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಬರಲಿಲ್ಲ. ಮೆಣಸಿನಕಾಯಿ ವಾಸನೆ ಬರುತ್ತದೆಂದು ತರಗತಿಯವರೆಲ್ಲ ಅವನನ್ನು ನೋಡಿ ಸೀನುವುದು, ಅದನ್ನು ಶುರು ಮಾಡಿದವನು ನಾನು ಎಂಬುದು, ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ನನ್ನನ್ನು ಬೈಯಲಿಲ್ಲ. ಎಣ್ಣೆ ಹಚ್ಚಿದ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. ರೈಲಿನ ಹುಡುಗ ಎದ್ದು ಹೊರಗೆ ಹೋದ. ನಾನು ಹಿಂದೆ ಓಡಿದೆ. ಅವನು ಅಷ್ಟು ಸಿಟ್ಟಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

"ನಮ್ಮವ್ವಗ ಯಾಕ ಹೇಳಿದಿ? ನಾಲ್ಕು ತಿಂಗಳು ಆಕಿಗೆ ಗೊತ್ತಾಗದಂಗ ನೋಡ್ಕೊಂಡಿದ್ದೆ ನಾ."

ಆಗ ನನಗೆ ತಿಳಿಯಿತು. ಅವನ ಅಂಗಿಯ ವಾಸನೆ ಅವ್ವನ ಕೈಯಿಂದ ಬಂದದ್ದು. ಶಾಲೆಯಲ್ಲಿ ನಗುವುದು ತನ್ನ ಕೆಲಸಕ್ಕೆ ಎಂದು ಅವಳಿಗೆ ಗೊತ್ತಾಗಬಾರದೆಂದೇ ಅವನು ಎಲ್ಲವನ್ನೂ ನುಂಗಿಕೊಂಡಿದ್ದ. ಒಪ್ಪಿಕೊಂಡು ಹಗುರಾಗಬೇಕೆಂಬ ಆತುರದಲ್ಲಿ ನಾನು ಆ ಭಾರವನ್ನು ಅವಳ ಮೇಲೆ ಹಾಕಿದ್ದೆ. ತಪ್ಪು ತಿದ್ದಲು ಹೋಗಿ ಇನ್ನೊಂದು ಮಾಡಿದ್ದೆ.

ಮಾರುಕಟ್ಟೆಯ ಗೋಡೆಗೆ ಒರಗಿ ಇಬ್ಬರೂ ನಿಂತೆವು. ನನ್ನದು ಸುಳ್ಳು ಸೀನು ಎಂದು ನಿನಗೆ ಇವತ್ತು ತಿಳಿಯಿತಾ ಎಂದು ಕೇಳಿದೆ.

"ಮೊದಲನೇ ದಿನಾನ ಗೊತ್ತಿತ್ತು. ನೀ ಹಮಾಲರ ಮಗ, ನಿನಗೆಲ್ಲಿ ಸೀನು?"

"ಮತ್ತ ಯಾಕ ಎಲ್ಲಾರ ಮುಂದ ಹೇಳಲಿಲ್ಲ?"

"ಹೇಳಿದ್ರ ನಿನಗೂ ಸೀನತಿದ್ರು. ನನಗ ಸೀನೋದೇನು ಕಮ್ಮಿ ಆಗತಿತ್ತೇನು?"

ನಾಳೆ ಶಾಲೆಗೆ ಬಾ ಎಂದು ಬೇಡಿಕೊಂಡೆ. ಸರ್ ಹೇಳಿದ್ದನ್ನೂ ತಿಳಿಸಿದೆ. ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕೊನೆಗೆ, "ಬಂದ್ರ ಬಾಜೂಕ ಕುಂದರತೀ ಏನು?" ಎಂದು ಕೇಳಿದ. ಕೂರುತ್ತೇನೆ ಎಂದೆ.

ಸಂಜೆ ಅಪ್ಪ ಮನೆಗೆ ಬಂದ. ನಾನು ರೊಟ್ಟಿ ಗಂಟು ಬಿಚ್ಚಿ ಮುಂದಿಟ್ಟೆ. ಅಪ್ಪ ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿ ತಿಂದು, ಇನ್ನೊಂದನ್ನು ಮುರಿದು ಅರ್ಧ ನನ್ನ ಕೈಗೆ ಕೊಟ್ಟ. "ಸ್ಟೇಷನ್ನಿನಾಗ ನೀ ಹೇಳಿದ್ದು ನನ್ನ ಮಟ ಬಂತು" ಎಂದಷ್ಟೇ ಹೇಳಿದ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ಚಟ್ನಿ ಖಾರ ಐತಿ, ಮಜ್ಜಿಗೆ ಕುಡಿ ಎಂದ.

ಮಾರನೆಯ ದಿನ ಶುಕ್ರವಾರ, ರೈಲಿನ ಹುಡುಗ ಬರಲಿಲ್ಲ. ನಾನು ಅವನ ಬೆಂಚಿನಲ್ಲಿ ಕೂತೆ. ಬಾಗಿಲು ದಾಟುವಾಗ ಸೀನು ನನಗೇ ಬಿತ್ತು. ನಾಲ್ಕು ತಿಂಗಳು ನಾನೂ ಹಾಗೇ ಸೀನುತ್ತಿದ್ದೆ, ಆದರೂ ಅದು ಎಲ್ಲಿ ಚುಚ್ಚುತ್ತದೆ ಎಂಬುದು ಅವತ್ತೇ ಗೊತ್ತಾದದ್ದು. ಸರ್ ಬಂದು, ಇನ್ನು ಮೇಲೆ ಈ ಕೋಣೆಯಲ್ಲಿ ಸೀನಬೇಕೆನಿಸಿದವರು ಎದ್ದು ಬಂದು ತಮ್ಮ ಎದುರಿಗೇ ಸೀನಬೇಕು ಎಂದರು. ಹುಡುಗರು ಅವರ ಪಾಠ ಮುಗಿಯುವವರೆಗೆ ಸುಮ್ಮನಿದ್ದರು, ಆಮೇಲೆ ಮತ್ತೆ ಶುರು. ಶನಿವಾರವೂ ಅವನು ಬರಲಿಲ್ಲ. ಸೋಮವಾರ ಬಂದ. ಅವನ ಅವ್ವ ಅವತ್ತಿನ ಕೆಲಸ ಬಿಟ್ಟು, ಒಗೆದ ಸೀರೆ ಉಟ್ಟು, ಶಾಲೆಯ ಗೇಟಿನವರೆಗೆ ಬಂದಿದ್ದಳು. ಅವನು ನನ್ನ ಪಕ್ಕ ಕೂತ, ಲೆಕ್ಕದ ಪುಸ್ತಕ ತೆಗೆದ, ಮಧ್ಯಾಹ್ನದವರೆಗೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಸೀನು ಒಂದೇ ಸಲಕ್ಕೆ ನಿಲ್ಲಲಿಲ್ಲ. ಇಬ್ಬರಿಗೆ ಹಂಚಿ ಬೀಳತೊಡಗಿದ ಮೇಲೆ ಅದರ ರುಚಿ ಅವರಿಗೂ ಹೋಯಿತೇನೋ, ಯುಗಾದಿಯ ಹೊತ್ತಿಗೆ ತಾನಾಗಿ ಕಡಿಮೆಯಾಯಿತು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಅವನು ಲೆಕ್ಕದಲ್ಲಿ ಶಾಲೆಗೇ ಮೊದಲು. ಅವನು ನನ್ನನ್ನು ಕ್ಷಮಿಸಿದನೇ ಎಂದು ನೀವು ಕೇಳಬಹುದು. ಅವನು ಹೇಳಿಲ್ಲ, ನಾನು ಕೇಳಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆದೆ ಎಂದರೆ, ಕಳೆದ ಭಾನುವಾರ ರಾಣೆಬೆನ್ನೂರಿನ ನಿಮ್ಮ ಮನೆಗೆ ಬಂದಿದ್ದೆನಲ್ಲ, ದೊಡ್ಡವನೇ, ನೀನು ನಗುತ್ತ ಫೋನು ತೋರಿಸಿದೆ. ನಿನ್ನ ತರಗತಿಯ ಒಬ್ಬ ಹುಡುಗನ ಮುಖವನ್ನು ಹಿಗ್ಗಿಸಿ ಚಿತ್ರ ಮಾಡಿದ್ದರು, ಅದರ ಕೆಳಗೆ ಮೂವತ್ತು ನಗುವ ಗುರುತು. ಅದರಲ್ಲಿ ನಿನ್ನದೂ ಒಂದಿತ್ತು. ನಾನು ಅವತ್ತು ಏನೂ ಅನ್ನಲಿಲ್ಲ. ಒಂದು ಗುರುತು ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು, ಒಂದು ಸೀನಿನಷ್ಟೂ ಬೇಡ.

ನಮ್ಮ ಕಾಲದಲ್ಲಿ ಸಂಜೆ ಗಂಟೆ ಹೊಡೆದರೆ ಸೀನು ಶಾಲೆಯಲ್ಲೇ ಉಳಿಯುತ್ತಿತ್ತು. ರೈಲು ಹತ್ತಿದ ಮೇಲೆ ಅವನಿಗೆ ಮಾರನೆಯ ಬೆಳಗಿನವರೆಗೆ ಬಿಡುವು. ನಿಮ್ಮ ಆ ಹುಡುಗನಿಗೆ ಆ ಬಿಡುವೂ ಇಲ್ಲ, ಚಿತ್ರ ಅವನ ಜೊತೆಗೇ ಊಟಕ್ಕೆ ಕೂರುತ್ತದೆ, ಹಾಸಿಗೆಗೂ ಬರುತ್ತದೆ. ನಮಗೆ ಇಬ್ಬಿಬ್ಬರು ಕೂರುವ ಬೆಂಚುಗಳಿದ್ದವು, ಸದ್ದಿಲ್ಲದೆ ಸರಿದು ಕೂತರೆ ಮುಗಿಯಿತು. ನಿಮ್ಮ ಶಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ. ಅವನ ಪಕ್ಕಕ್ಕೆ ಹೋಗಬೇಕೆಂದರೆ ಕುರ್ಚಿಯನ್ನು ಎಳೆದುಕೊಂಡೇ ಹೋಗಬೇಕು. ನೆಲಕ್ಕೆ ಉಜ್ಜಿ ಸದ್ದಾಗುತ್ತದೆ, ತರಗತಿಯೆಲ್ಲ ತಿರುಗಿ ನೋಡುತ್ತದೆ. ನೋಡಲಿ ಬಿಡು.